ಜಾತ್ರೆಯ ಖುಷಿ, ಜಾತ್ರೆಯ ಸಂಕಟ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೇರು ಜಾತ್ರೆ ನಡೆಯುವ ಬಿಡಕಿಬೈಲಿಗೆ ಹೊರಟಾಗ ನನಗೆ ಈಗಲೂ ಕಣ್ಣು ತುಂಬಿ ಬರುತ್ತದೆ. ಆದರೆ ಅಜ್ಜಿ ಹೇಳಿದ ಕಥೆ ನೆನಪಾದರೆ ಸಂಕಟ. ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾದವನು, ನಿಜ ತಿಳಿದು ಸಿಟ್ಟಿನಿಂದ ಮಾರಿಯಾದ ಅವಳಿಗೆ ಹೆದರಿ ಓಡಿ ಕೋಣನೊಳಗೆ ಅಡಗಿದನಂತೆ, ಅದಕ್ಕೇ ಕೋಣನ ಬಲಿಯಂತೆ. ಮೋಸ ತಪ್ಪೇ. ಆದರೆ ಆ ಕಥೆಯಲ್ಲಿ ಅವನ ಹುಟ್ಟೇ ದೊಡ್ಡ ತಪ್ಪು, ಅಲ್ವಾ? 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿ, ಬಲಿ ಕೊಡುತ್ತಾರೆಂದು ಗುಡಿಯೊಳಗೆ ಹೋಗಲಿಲ್ಲ. ಆಮೇಲೆ ಬಲಿ ನಿಂತಿತು. ಕಥೆ ನಿಲ್ಲಲಿಲ್ಲ.

ಈ ಸಲ ಮಗಳು, ಕೋಣ ಯಾಕಮ್ಮ ಅಂತ ಕೇಳಿದಳು. ಬಳೆ ಕೊಡಿಸಿ, ತೊಟ್ಟಿಲಲ್ಲಿ ಕೂರಿಸಿ, ಮನೆಗೆ ಹೋಗಿ ಹೇಳ್ತೀನಿ ಎಂದೆ. ಇನ್ನೂ ಹೇಳಿಲ್ಲ.