ಪ್ರೀತಿಗೆ ಇಂಗ್ಲಿಷ್, ಕಷ್ಟಕ್ಕೆ ತುಳು

ಮಂಗಳೂರಿನ ಕ್ಯಾಥೊಲಿಕ್ ಮದುವೆ ರಿಸೆಪ್ಷನ್‌ಗೆ ಹೋದವರಿಗೆ ಇದು ಹೊಸದಲ್ಲ. ಕೇಕ್ ಕತ್ತರಿಸಿ ಆಗುತ್ತದೆ, ವೈನ್ ಗ್ಲಾಸ್ ಕೈಗೆ ಬರುತ್ತದೆ, ಟೋಸ್ಟ್ ಹೇಳುವ ಅಂಕಲ್ ಮೈಕ್ ಹಿಡಿಯುತ್ತಾರೆ. ಅಷ್ಟು ಹೊತ್ತು ಕೊಂಕಣಿಯಲ್ಲಿ ನಗಾಡುತ್ತಿದ್ದವರು ಮದುಮಗಳ ಸುದ್ದಿ ಬಂದ ಕೂಡಲೇ ಇಂಗ್ಲಿಷಿಗೆ ಜಾರುತ್ತಾರೆ. 'ಆ್ಯಪಲ್ ಆಫ್ ಹರ್ ಫಾದರ್ಸ್ ಐ', ಅಂದರೆ ಅಪ್ಪನ ಕಣ್ಮಣಿ, ಅಂತ ಒಂದು ಬಂದೇ ಬರುತ್ತದೆ. ಹಾಲ್ ಪೂರ್ತಿ ಚಪ್ಪಾಳೆ.

ಕಣ್ಣಿಗೂ ಸೇಬಿಗೂ ಏನು ಸಂಬಂಧ? ಹಳೆ ಇಂಗ್ಲಿಷಿನಲ್ಲಿ ಕಣ್ಣಿನ ನಡುವಿನ ಕಪ್ಪು ಭಾಗವನ್ನೇ ಆ್ಯಪಲ್ ಅನ್ನುತ್ತಿದ್ದರು, ಅದೊಂದು ಗಟ್ಟಿ ಉಂಡೆ ಅಂತ ಆಗಿನವರ ಲೆಕ್ಕ. 9ನೇ ಶತಮಾನದ ಬರಹದಲ್ಲೇ ಈ ಬಳಕೆ ಇದೆ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಬಂತು, ಆಮೇಲೆ ಎಲ್ಲರ ಬಾಯಿಗೂ ಹತ್ತಿತು. ಆದರೆ ಅಲ್ಲಿ ಹೀಬ್ರೂ ಮೂಲದಲ್ಲಿ ಸೇಬೇ ಇಲ್ಲ, 'ಕಣ್ಣೊಳಗಿನ ಪುಟ್ಟ ಮನುಷ್ಯ' ಅಂತಿದೆ. ಹತ್ತಿರದವರ ಕಣ್ಣಲ್ಲಿ ಇಣುಕಿದರೆ ನಮ್ಮದೇ ಚಿಕ್ಕ ರೂಪ ಕಾಣುತ್ತದಲ್ವಾ, ಅದು. ನಾವು ಕಣ್ಣಪಾಪೆ ಅನ್ನುವುದೂ ಹೆಚ್ಚುಕಮ್ಮಿ ಅದನ್ನೇ. ನನಗಂತೂ ಸೇಬಿಗಿಂತ ಈ ಪಾಪೆಯೇ ಇಷ್ಟ.

ದೊಡ್ಡವರಿಗೆ ಬಿಗ್‌ವಿಗ್ ಅನ್ನುವುದರಲ್ಲಿ ಗುಟ್ಟೇನೂ ಇಲ್ಲ. ಒಂದು ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಜನ ದೊಡ್ಡ ದೊಡ್ಡ ವಿಗ್ ಹಾಕುತ್ತಿದ್ದರು, ಅಷ್ಟೇ. ನಮ್ಮಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಾದರೆ ತಿನ್ನಲಿಕ್ಕೆ ಏನಾದರೂ ಇರುತ್ತದೆ.

ಕೈಸೋತವರ ಮಾತುಗಳೇ ನಿಜಕ್ಕೂ ನಾಟುವುದು. 'ಕ್ಲಚಿಂಗ್ ಅಟ್ ಸ್ಟ್ರಾಸ್' ಅನ್ನುವುದು ನಮ್ಮ 'ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ'ಯೇ. ಇಂಗ್ಲಿಷಿನಲ್ಲಿ ಈ ಹೋಲಿಕೆಯನ್ನು ಮೊದಲು ಬರೆದವರಲ್ಲಿ ಇಂಗ್ಲೆಂಡಿನ ರಾಜಕಾರಣಿ, ಲೇಖಕ ಥಾಮಸ್ ಮೋರ್ ಒಬ್ಬ. 1534ರಲ್ಲಿ ಲಂಡನ್ ಟವರ್ ಜೈಲಿನಲ್ಲಿ ಕೂತು, ಮುಳುಗುತ್ತಿರುವವನು ಕೈಗೆ ಸಿಕ್ಕ ಸಣ್ಣ ಕೋಲನ್ನೂ ಹಿಡಿದುಕೊಳ್ಳುತ್ತಾನೆ ಅಂತ ಬರೆದ. ಮರುವರ್ಷ ಅವನ ತಲೆ ಕಡಿದರು. ಕೋಲು ಹುಲ್ಲುಕಡ್ಡಿ ಆದದ್ದು ಆಮೇಲೆ. 'ಎಂಡ್ ಆಫ್ ಮೈ ಟೆದರ್', ಅಂದರೆ ಇನ್ನು ನನ್ನಿಂದಾಗದು, ಅನ್ನುವುದು ಮೇಯಲು ಕಟ್ಟಿದ ದನದ ಮಾತು: ಹಗ್ಗ ಹೋಗುವಷ್ಟು ದೂರದ ಹುಲ್ಲೆಲ್ಲಾ ಮುಗಿದಿದೆ, ಹಗ್ಗ ಮಾತ್ರ ಉದ್ದ ಆಗುವುದಿಲ್ಲ.

ಇದನ್ನು ಮಾತ್ರ ನಮ್ಮೂರಲ್ಲಿ ಯಾರೂ ಇಂಗ್ಲಿಷಿನಲ್ಲಿ ಹೇಳಿದ್ದು ನಾನು ಕೇಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಜುಲೈ ಕೊನೆಗೆ ಬೋಟು ನಿಲ್ಲುವ ಮಂಗಳೂರಿನ ಬಂದರು ದಕ್ಕೆಗೋ ಉಡುಪಿಯ ಮಲ್ಪೆಗೋ ಹೋಗಿ ಬೋಟಿನ ಕೆಲಸದವರ ಹತ್ತಿರ ಕೂತುನೋಡಿ. ಮಳೆ ನಿಂತಿರುವುದಿಲ್ಲ, ಕಿಸೆ ಖಾಲಿ, ಅಂಗಡಿಯ ಲೆಕ್ಕ ಬೆಳೆಯುತ್ತಲೇ ಇರುತ್ತದೆ. ಮಗಳನ್ನು ಟೀಚರ್ ಎದುರು 'ಬ್ರಿಲಿಯಂಟ್' ಅಂತ ಹೊಗಳುವವರೇ ಇಲ್ಲಿ ಬಲೆ ಹೊಲಿಯುತ್ತಾ, ತಲೆ ಎತ್ತದೆ, ತುಳುವಿನಲ್ಲಿ 'ಯಾವು ಮಾರಾಯ್ರೆ' ಅನ್ನುತ್ತಾರೆ. ಸಾಕಾಯಿತು ಅಂತ.