ರೊಕ್ಕ ಹಾಕೂದು ಬಿಟ್ರ ನಿಮ್ದೇನ್ ಕೆಲಸಾರೀ?

ಸಿನಿಮಾ, ಸೀರಿಯಲ್ ನಿರ್ಮಾಣ ಅಂದ ಕೂಡಲೇ ಹುಬ್ಬಳ್ಳಿಯಲ್ಲಿ ಬೀಗರಿಂದ ಹಿಡಿದು ಕಿರಾಣಿ ಅಂಗಡಿಯವರ ತನಕ ಎಲ್ಲರದೂ ಒಂದೇ ಪ್ರಶ್ನೆ: “ಡೈರೆಕ್ಟರ್ ಸಿನಿಮಾ ತೆಗೀತಾನ, ಹೀರೊ ಆ್ಯಕ್ಟ್ ಮಾಡ್ತಾನ. ರೊಕ್ಕ ಹಾಕೂದು ಬಿಟ್ರ ನಿರ್ಮಾಪಕಂದೇನ್ ಕೆಲಸಾರೀ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಓದಿಕೊಳ್ಳಿ.

ಮೊದಲು ಆ ‘ಹಾಕೂದು’ ಅನ್ನುವ ಮಾತು. ಹುಂಡಿಗೆ ಕಾಸು ಹಾಕಿ ಕೈ ಮುಗಿದು ಬಂದ ಹಾಗೆ. ಹೊಲಕ್ಕೆ ಗೊಬ್ಬರ ಹಾಕುವವನೂ ಹದ ನೋಡಿ ಹಾಕುತ್ತಾನೆ, ಸ್ವಾಮಿ. ವೇದಿಕೆ ಮೇಲೆ ಚಿತ್ರರಂಗದವರು ನಿರ್ಮಾಪಕರನ್ನು ‘ಅನ್ನದಾತರು’ ಅನ್ನುತ್ತಾರೆ. ಊರಲ್ಲಿ ರೈತರಿಗೂ ಅದೇ ಬಿರುದು. ಇಬ್ಬರಿಗೂ ಶಾಲು ಸಿಗುತ್ತದೆ, ಮಾಲಿನ ರೇಟು ಮಾತ್ರ ಬೇರೆಯವರೇ ಹೇಳುತ್ತಾರೆ.

ಕೆಲಸ ಏನು ಅಂತ ಗೊತ್ತಾಗಬೇಕಾದರೆ ಸ್ಕ್ರಿಪ್ಟಿನ ಒಂದು ತುಣುಕು ಸಾಕು. ‘ಸಂಜೆ. ಲಕ್ಕುಂಡಿ ಗುಡಿಯ ಮುಂದೆ ಎತ್ತಿನ ಗಾಡಿ ಬಂದು ನಿಲ್ಲುತ್ತದೆ. ಗೌಡರು ಇಳಿದು ಬೀಡಿ ಹಚ್ಚುತ್ತಾರೆ.’ ಬರೆದವರಿಗೆ ಅರ್ಧ ನಿಮಿಷದ ಕೆಲಸ. ಈಗ ನಿರ್ಮಾಪಕ ಓದುವ ರೀತಿ ನೋಡಿ.

ಗುಡಿ: ಗದಗ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಊರ ಹಿರಿಯರು “ತೆಗೀರಿ, ಯಾರ್ ಕೇಳ್ತಾರ” ಅಂದರೆ ನಡೆಯುವುದಿಲ್ಲ. ಅರ್ಜಿ, ಶುಲ್ಕ, ಅನುಮತಿ ಎಲ್ಲ ಮುಂಚೆಯೇ ಆಗಬೇಕು. ಎತ್ತು: 2001ರ ನಿಯಮದ ಪ್ರಕಾರ ಕ್ಯಾಮೆರಾ ಮುಂದೆ ಪ್ರಾಣಿ ನಿಲ್ಲಿಸುವ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹೋಗಬೇಕು, ಅದರ ಕಚೇರಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಶೂಟಿಂಗ್ ಆದ ಮೇಲೆ ಮಂಡಳಿಯ ನಿರಾಕ್ಷೇಪಣಾ ಪತ್ರ ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸಿನಿಮಾ ಅಲ್ಲೇ ನಿಲ್ಲುತ್ತದೆ. “ನಮ್ಮ ಮನೀ ಎತ್ತು ಸರ್” ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಬೀಡಿ: ಸಿನಿಮಾದ ಶುರುವಿನಲ್ಲೂ ನಡುವೆಯೂ ಕನಿಷ್ಠ 30 ಸೆಕೆಂಡಿನ ತಂಬಾಕು ವಿರೋಧಿ ಚಿತ್ರ, ಜೊತೆಗೆ 20 ಸೆಕೆಂಡಿನ ಎಚ್ಚರಿಕೆ, ಬೀಡಿ ಕಾಣುವಷ್ಟು ಹೊತ್ತೂ ಕೆಳಗೆ ಅಕ್ಷರ. ಗೌಡರು ಒಂದೇ ಒಂದು ಬೀಡಿ ಸೇದಿದರೂ ಇಷ್ಟೂ ಕಡ್ಡಾಯ.

ಇನ್ನು ಸಂಜೆ. ಬೇಕಾದ ಬೆಳಕು ಇರುವುದು ಅರ್ಧ ಗಂಟೆ. ಗಾಡಿ ಗುರುತಿಗಿಂತ ಮುಂದೆ ಹೋಗಿ ನಿಂತರೆ ಎತ್ತು ತಿರುಗಿಸಿ ವಾಪಸ್ ತರಲು ಹತ್ತು ನಿಮಿಷ. ಅಲ್ಲಿಗೆ ಮೂರೇ ಟೇಕು. ಆಗ ನಿರ್ಮಾಪಕ ಡೈರೆಕ್ಟರನ್ನು ಕೇಳುತ್ತಾನೆ: ಗಾಡಿ ಬದಲು ಸೈಕಲ್ ನಡೆದೀತಾ? ಬೀಡಿ ಬದಲು ಎಲಿ-ಅಡಿಕಿ? ಕೇಳಿದ್ದಕ್ಕೆ ‘ಇವನಿಗೆ ಕಲೆ ಗೊತ್ತಿಲ್ಲ’ ಅಂತ ಹೆಸರು.

ನಮ್ಮ ಕಡೆಯ ನೆಲ ಬೇರೆ. ಅಣ್ಣಿಗೇರಿ, ನವಲಗುಂದದ ಎರೆ ಹೊಲ ಒಂದು ಮಳೆ ಬಿದ್ದರೆ ಜನರೇಟರ್ ವ್ಯಾನಿನ ಗಾಲಿ ನುಂಗುತ್ತದೆ. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಆದರೂ ಕೆಲಸಗಾರರ ದಿನದ ಭತ್ಯೆ, ಅಂದರೆ ಬಾಟಾ, ಪೂರ್ತಿ ಕೊಡಬೇಕು, ಅದೂ ಪ್ಯಾಕಪ್ ಆದ ಕೂಡಲೇ, ಕೈಗೇ. ಅದಕ್ಕೇ ವ್ಯಾನನ್ನು ಡಾಂಬರ್ ರಸ್ತೆಯ ಮೇಲೇ ನಿಲ್ಲಿಸಿ ಉದ್ದ ಕೇಬಲ್ ಎಳೆಯಬೇಕು. ಹಸಿರು ಜೋಳದ ಹೊಲ ಬೇಕೆಂದರೆ ಡಿಸೆಂಬರ್‌ನಲ್ಲೇ ತೆಗೆದುಬಿಡಿ. ಹೀರೊನ ಕಾಲ್‌ಶೀಟ್ ಫೆಬ್ರವರಿಗೆ ಜಾರಿತೋ, ಹಾಡಿನ ಮೊದಲ ಸಾಲಿಗೆ ಹಸಿರು, ಎರಡನೇ ಸಾಲಿಗೆ ಬರೀ ಕೂಳೆ. ಬೆಂಗಳೂರಿನಿಂದ ಬರುವ ಕ್ಯಾಮೆರಾ, ಲೈಟುಗಳ ಬಾಡಿಗೆ ಶುರುವಾಗುವುದು ಅಲ್ಲಿ ಬಿಟ್ಟ ದಿನದಿಂದ. ನಾನೂರು ಕಿಲೋಮೀಟರ್ ಹೋಗಿ ಬರುವ ಎರಡು ದಿನ ಒಂದು ಶಾಟೂ ಇಲ್ಲ, ಬಾಡಿಗೆ ಮಾತ್ರ ಉಂಟು.

ಸೀರಿಯಲ್ಲಾದರೆ ರೊಕ್ಕ ಚಾನೆಲ್ಲಿನದು, ನಿಮ್ಮ ಪ್ರಶ್ನೆಯೇ ಬಿದ್ದುಹೋಯಿತು. ಎಪಿಸೋಡಿಗಿಷ್ಟು ಅಂತ ಒಪ್ಪಂದ, ಹಕ್ಕು ಬಹುತೇಕ ಚಾನೆಲ್ಲಿಗೆ. ಅರ್ಧ ಗಂಟೆಯ ಸ್ಲಾಟಿಗೆ ಸುಮಾರು 22 ನಿಮಿಷದ ಕಥೆ, ಅಷ್ಟನ್ನು ದಿನಕ್ಕೊಂದರಂತೆ ತೆಗೆಯಬೇಕು. ಬಿಲ್ಲು ಪಾಸಾಗುವ ತನಕ ಕಲಾವಿದರಿಗೂ ಶೂಟಿಂಗ್ ಮನೆಯ ಬಾಡಿಗೆಗೂ ನಿರ್ಮಾಪಕನೇ ಕೈಯಿಂದ ಕೊಡುತ್ತಿರಬೇಕು. ಗುರುವಾರ ರೇಟಿಂಗ್ ಬರುತ್ತದೆ. ನಾಲ್ಕು ವಾರ ಇಳಿಯಿತೋ, ಸ್ಲಾಟ್ ಬದಲು ಇಲ್ಲವೇ ‘ಮುಕ್ತಾಯ’. ವರ್ಷಕ್ಕೆಂದು ಹಿಡಿದ ಶೂಟಿಂಗ್ ಮನೆಯ ಕರಾರು ಮಾತ್ರ ಮುಗಿದಿರುವುದಿಲ್ಲ.

‘ಮಾಲ್ಗುಡಿ ಡೇಸ್’ ಅಂದರೆ ಶಂಕರ್ ನಾಗ್ ಅನ್ನುತ್ತೀರಿ, ಆಗುಂಬೆ ಅನ್ನುತ್ತೀರಿ. ನಿರ್ಮಾಪಕ ಟಿ.ಎಸ್. ನರಸಿಂಹನ್ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಇರಲಿ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಶೂಟಿಂಗ್ ಮುಗಿದ ದಿನ ಪೆಟ್ಟಿಗೆಯಲ್ಲಿ ಎಷ್ಟು ಉಳಿದಿರಬೇಕು? ನಿವೇಶನ ಮಾರಿ ಬಂದ ಹೊಸಬರು ಕುಂಬಳಕಾಯಿ ಒಡೆದ ದಿನವೇ ಖಾಲಿಯಾಗಿರುತ್ತಾರೆ. ನನ್ನನ್ನು ಕೇಳಿದರೆ ಬಜೆಟ್ಟಿನ ಮೂರನೇ ಒಂದು ಪಾಲು ಮುಟ್ಟದೆ ಇಡಬೇಕು. ಎಡಿಟಿಂಗ್, ಡಬ್ಬಿಂಗ್, ರೀರೆಕಾರ್ಡಿಂಗ್, ಕಲರ್, ಸೆನ್ಸಾರ್, ಪಬ್ಲಿಸಿಟಿ ಎಲ್ಲ ಇನ್ನೂ ಬಾಕಿ. ಡಬ್ಬಿಂಗಿನಲ್ಲೇ ನೋಡಿ: ಗದಗಿನ ಕಲಾವಿದರಿಗೆ ಬಸ್ ಚಾರ್ಜು, ಲಾಡ್ಜ್ ಉಳಿಸಲು ಹೋಗಿ ಬೆಂಗಳೂರಿನ ಧ್ವನಿ ಹಾಕಿಸುತ್ತಾರೆ. ತೆರೆಯ ಮೇಲೆ ‘ಐತಿ’ ಹೋಗಿ ‘ಐತೆ’ ಆಗುತ್ತದೆ. ಹುಬ್ಬಳ್ಳಿ ಥೇಟರಿನಲ್ಲಿ ಜನ ನಗುವುದು ಜೋಕಿಗಲ್ಲ.

“ಟಿಕೆಟ್ 150 ರೂಪಾಯಿ, ಲಕ್ಷ ಮಂದಿ ನೋಡಿದ್ರ ಒಂದೂವರೆ ಕೋಟಿ” ಅಂತ ಕಟ್ಟೆ ಮೇಲೆ ಲೆಕ್ಕ ಹಾಕುವವರಿಗೆ: 150ರ ಒಳಗೇ 18% ಜಿಎಸ್‌ಟಿ ಸೇರಿರುತ್ತದೆ, ಅದನ್ನು ತೆಗೆದರೆ ಟಿಕೆಟ್ಟಿನ ಅಸಲು ಬೆಲೆ ಉಳಿಯುವುದು 127. ಮಲ್ಟಿಪ್ಲೆಕ್ಸಿನ ಅರ್ಧ ಪಾಲು ಹೋದರೆ ಅರವತ್ಮೂರೂವರೆ. ಹಂಚಿಕೆದಾರನಿಗೆ ನೂರಕ್ಕೆ ಹತ್ತು ಅಂತ ಹಿಡಿದರೆ 57. ಪೋಸ್ಟರ್, ಪ್ರೊಜೆಕ್ಷನ್ ಬಾಡಿಗೆ ಅದರಲ್ಲೇ. ಎರಡನೇ ವಾರದಿಂದ ಪಾಲೂ ಇಳಿಯುತ್ತದೆ, ಸಿನಿಮಾ ಅಲ್ಲಿತನಕ ಇದ್ದರೆ.

ಕಡೆಯದು ಕೀಲಿ. ಈಗ ರೀಲಿನ ಡಬ್ಬಿ ಇಲ್ಲ. ಬೀಗ ಹಾಕಿದ ಫೈಲು ಥೇಟರಿಗೆ ಹೋಗುತ್ತದೆ, ತೆಗೆಯುವ ಕೀಲಿ ಮೇಲ್‌ನಲ್ಲಿ ಬೇರೆಯಾಗಿ ಬರುತ್ತದೆ. ಥೇಟರಿನಲ್ಲಿ ಸಿನಿಮಾ ಓಡಿಸುವ ಕಂಪ್ಯೂಟರೇ ಸರ್ವರ್; ಒಂದೊಂದು ಸರ್ವರಿಗೆ ಅದರ ನಂಬರಿನದೇ ಒಂದೊಂದು ಕೀಲಿ, ಅದಕ್ಕೂ ದಿನ, ಗಂಟೆಯ ಗಡುವು. ಬಾಕಿ ಉಳಿಸಿಕೊಂಡಿದ್ದರೆ ಕೀಲಿ ಬರುವುದಿಲ್ಲ. ಬಾಕಿ ಇಲ್ಲದಿದ್ದರೂ, ಥೇಟರಿನವರು ಸರ್ವರ್ ಬದಲಿಸಿ ಹೇಳದೇ ಇದ್ದರೆ ಹಳೆ ನಂಬರಿನ ಕೀಲಿ ಬಂದು ಕೂತಿರುತ್ತದೆ. ಶುಕ್ರವಾರ ಬೆಳಗಿನ ಆಟಕ್ಕೆ ಜನ ಒಳಗೆ, ತೆರೆ ಕಪ್ಪು. ಆದ್ದರಿಂದ ಬುಧವಾರವೇ ಒಬ್ಬ ಹುಡುಗನನ್ನು ಊರೂರ ಪ್ರೊಜೆಕ್ಟರ್ ರೂಮಿಗೆ ಕಳಿಸಿ, ಸರ್ವರಿನ ಮೇಲಿನ ನಂಬರಿನ ಫೋಟೊ ತರಿಸಿಕೊಳ್ಳಿ. ಅವನ ಬಸ್ ಚಾರ್ಜು ಆ ಮೂರನೇ ಪಾಲಿನಲ್ಲೇ ಬರುತ್ತದೆ.