ರೋಮಿನಲ್ಲಿ ಕಾಕಾರ ಪಾಸ್‌ಪೋರ್ಟ್ ಹೋಯಿತು

ನಾವು ಇಟಲಿಗೆ ಹೋಗಿದ್ದು ಗುಮ್ಮಟ ನೋಡಲು. ವಿಜಯಪುರದವರಿಗೆ ಗುಮ್ಮಟಕ್ಕೇನು ಬರಗಾಲ ಅಂತ ಕೇಳಿದವರೆಲ್ಲ ನಕ್ಕರು. ಆದರೆ ನಮ್ಮ ಕಾಕಾ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ವರ್ಷವರ್ಷವೂ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿ, ಇದು 1656ರಲ್ಲಿ ಮುಗಿದದ್ದು, ಒಳಗೆ ಒಂದೂ ಕಂಬವಿಲ್ಲ, ಹೊರಗಿನ ವ್ಯಾಸ ಸುಮಾರು 44 ಮೀಟರ್ ಅಂತ ಹೇಳಿ ಹೇಳಿ, ಕೊನೆಗೆ ಅವರಿಗೇ ಒಂದು ಹಠ ಹುಟ್ಟಿತ್ತು. "ಗೈಡುಗಳು ರೋಮಿನ ಸೇಂಟ್ ಪೀಟರ್ ಚರ್ಚಿನ ಗುಮ್ಮಟ ದೊಡ್ಡದು ಅಂತಾರ. ಒಮ್ಮೆ ಕೆಳಗ ನಿಂತು ನೋಡೇಬಿಡೂಣು" ಅನ್ನುತ್ತಿದ್ದರು. ಹಾಗಾಗಿ 2024ರ ಮೇ ತಿಂಗಳಲ್ಲಿ ಕಾಕಾ, ಕಾಕು, ನಾನು ಹೊರಟೆವು. ಮೊದಲು ರೋಮ್, ಆಮೇಲೆ ಫ್ಲಾರೆನ್ಸ್, ಅಲ್ಲಿಂದ ಸ್ವಿಟ್ಜರ್ಲೆಂಡ್. ಕಾಕುನ ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಸೇಂಟ್ ಪೀಟರ್ ಗುಮ್ಮಟದ ಕೆಳಗೆ ಕಾಕಾ ಬಹಳ ಹೊತ್ತು ಕತ್ತೆತ್ತಿ ನಿಂತರು. "ಒಳಗಿಂದ ದೊಡ್ಡದು ಖರೆ, ಆದ್ರ ಇವರು ನಾಲ್ಕು ದೊಡ್ಡ ಕಂಬ ಕೊಟ್ಟಾರ ನೋಡು" ಅಂತ ತೀರ್ಪು ಕೊಟ್ಟರು. ಆ ಖುಷಿಯಲ್ಲೇ 64 ನಂಬರ್ ಬಸ್ಸು ಹತ್ತಿದೆವು. ಟರ್ಮಿನಿ ಸ್ಟೇಷನ್ನಿಗೂ ವ್ಯಾಟಿಕನ್ನಿಗೂ ನಡುವೆ ಓಡಾಡುವ ಈ ಬಸ್ಸು ಕಿಸೆಗಳ್ಳರಿಗೆ ಹೆಸರುವಾಸಿ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಟರ್ಮಿನಿಯಲ್ಲಿ ಇಳಿದು ನೋಡಿದರೆ ಕಾಕಾರ ಹೆಗಲ ಚೀಲದ ಜಿಪ್ಪು ಪೂರ್ತಿ ತೆರೆದಿತ್ತು. ಕನ್ನಡಕದ ಡಬ್ಬಿ ಇತ್ತು, ಬಿಪಿ ಗುಳಿಗೆ ಇತ್ತು. ಪಾಸ್‌ಪೋರ್ಟು, ವಿದೇಶದ ಖರ್ಚಿಗೆ ಹಣ ತುಂಬಿಸಿದ್ದ ಫಾರೆಕ್ಸ್ ಕಾರ್ಡು ಇಟ್ಟಿದ್ದ ಪಾಕೀಟು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಎಂಬಸಿಗೆ, ಅಂದರೆ ಭಾರತದ ರಾಯಭಾರ ಕಚೇರಿಗೆ, ಓಡಬೇಕು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಸುಮ್ನೆ ತಿರುಗಾಟ, ಯಾಕೆಂದರೆ ಅಲ್ಲಿ ಮೊದಲು ಕೇಳುವುದೇ ಪೊಲೀಸ್ ದೂರಿನ ಪ್ರತಿ. ಟರ್ಮಿನಿಯ ಒಳಗೇ ರೈಲ್ವೆ ಪೊಲೀಸರ ಕಚೇರಿ ಇದೆ. ನಾನು ನಡೆಯುತ್ತಲೇ ಫಾರೆಕ್ಸ್ ಕಾರ್ಡು ಬ್ಲಾಕ್ ಮಾಡಿಸಿದೆ, ಮೂವರೂ ಅಲ್ಲಿಗೆ ಹೋಗಿ ಕೂತೆವು. ನಮ್ಮ ಮುಂದೆ ದೊಡ್ಡ ಸಾಲು. ಅದರಲ್ಲಿ ಒಬ್ಬ ಅಮೆರಿಕದ ಹುಡುಗಿ ಬೇರೆ ಅಳುತ್ತಿದ್ದಳು, ಕಾಕು ಅವಳಿಗೊಂದು ರೊಟ್ಟಿ ಕೊಟ್ಟರು.

ಅಲ್ಲಿ ದೂರಿಗೆ ದೆನುಂಚಾ ಅಂತಾರೆ, ಬರೆಯುವುದು ಇಟಾಲಿಯನ್ನಿನಲ್ಲಿ. ಸಹಿ ಹಾಕುವ ಮೊದಲು ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಕು ಮೂರನ್ನೂ ಅಕ್ಷರ ಅಕ್ಷರ ನೋಡಿಕೊಳ್ಳಬೇಕು. ನಮ್ಮ ಕಡೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವಲ್ಲ, ಆ ಪೊಲೀಸಪ್ಪ ಅಜ್ಜನ ಕಾಲದಿಂದ ಯಾರು ಯಾರು ಅಂತ ಗೊಂದಲಕ್ಕೆ ಬಿದ್ದು ಕಾಕಾರ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿ ಬರೆದಿದ್ದ. ಹುಟ್ಟಿದ ಊರು ಇನ್ನೊಂದು ಕಥೆ. ಊರಿಗೆ ವಿಜಯಪುರ ಅನ್ನೋ ಹೆಸರು ಬಂದಿದ್ದು 2014ರ ನವೆಂಬರ್ 1ಕ್ಕೆ. ಕಾಕಾರ ಪಾಸ್‌ಪೋರ್ಟಿನಲ್ಲಿ ಬಿಜಾಪುರ, ಆಧಾರಿನಲ್ಲಿ ವಿಜಯಪುರ. ದೂರಿನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಬರೆಸಿದೆವು, ಅದೇ ಸರಿ.

ಹೊರಡುವಾಗ ಆತ ಒಂದು ಮಾತು ಹೇಳಿದ. ಕಳ್ಳರಿಗೆ ಬೇಕಾದ್ದು ರೊಕ್ಕ, ಪಾಕೀಟು ಹತ್ತಿರದ ಕಸದ ಡಬ್ಬಿಗೆ ಎಸೆದು ಹೋಗುತ್ತಾರೆ, ಬಸ್ ಸ್ಟಾಪಿನ ಸುತ್ತ ಒಮ್ಮೆ ನೋಡಿ ಅಂತ. ಬಿಳಿ ಅಂಗಿ ಹಾಕಿಕೊಂಡ ನಿವೃತ್ತ ಮೇಷ್ಟ್ರು ರೋಮಿನ ಕಸದ ಡಬ್ಬಿಗಳಲ್ಲಿ ಬಗ್ಗಿ ಬಗ್ಗಿ ನೋಡಿದ್ದನ್ನು ನಾನು ಫೋಟೋ ತೆಗೆಯಲಿಲ್ಲ. ತೆಗೆಯಬೇಡ ಅಂತ ಕಾಕು ಕಣ್ಣಿನಲ್ಲೇ ಹೇಳಿದ್ದರು. ಏನೂ ಸಿಗಲಿಲ್ಲ.

ಅಂದು ಶುಕ್ರವಾರ ಸಂಜೆ. ಎಂಬಸಿಯ ತುರ್ತು ನಂಬರಿಗೆ ಫೋನು ಮಾಡಿದರೆ, ಸೋಮವಾರ ಬೆಳಿಗ್ಗೆ ಬನ್ನಿ, ಇವಿಷ್ಟು ಕಾಗದ ತನ್ನಿ ಅಂತ ಸಮಾಧಾನದಿಂದ ಹೇಳಿದರು. ಶನಿವಾರ ಕಾಕಾ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಗ ಕಾಕು, "ಹೋಗಿದ್ದು ಪುಸ್ತಕ. ಕಾಲು ಅದಾವಲ್ಲ, ಏಳ್ರಿ" ಅಂದರು. ಫ್ಲಾರೆನ್ಸಿನಲ್ಲಿ ಹೋಟೆಲ್ ರೂಮು ಹಿಡಿಯಬೇಕಾದರೆ ಗುರುತಿನ ಚೀಟಿ ತೋರಿಸಬೇಕು, ಅದು ತಲೆನೋವು. ಆದರೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಕಿಸೆಯಲ್ಲಿ ಪೊಲೀಸ್ ದೂರಿನ ಕಾಗದ ಇಟ್ಟುಕೊಂಡು ಕಾಕಾ ಹೊರಟರು.

ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ ಬ್ರುನೆಲೆಸ್ಕಿ ಅನ್ನುವವನು ಕಟ್ಟಿದ್ದು, 1420ರಿಂದ 1436ರವರೆಗೆ. ಎಂಟು ಮೂಲೆಯದು, ಇಟ್ಟಿಗೆಯದು, ಅಗಲ ಸುಮಾರು 45 ಮೀಟರ್. ಕೆಳಗಿನಿಂದ ಮರದ ಆಸರೆ ಕೊಡದೆ ಮೇಲಕ್ಕೆ ಎಬ್ಬಿಸಿದರು ಅನ್ನುವುದೇ ಅದರ ದೊಡ್ಡಸ್ತಿಕೆ. ಮೇಲೆ ಹತ್ತಲು ಮೊದಲೇ ಟಿಕೆಟ್ ಮಾಡಿಸಬೇಕು, ನಮಗೆ ಸಿಗಲಿಲ್ಲ. ಕೆಳಗೇ ಕೂತು ರೊಟ್ಟಿ ತಿಂದೆವು. ಕಾಕಾ ಗೋಲಗುಮ್ಮಟದಲ್ಲಿ ಕಮಾನುಗಳು ಒಂದಕ್ಕೊಂದು ಹಾಯ್ದು ಭಾರ ಹೊರುವ ಬಗೆಯನ್ನು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು. ಪಾಸ್‌ಪೋರ್ಟಿನ ಮಾತು ಇಡೀ ಮಧ್ಯಾಹ್ನ ಬರಲಿಲ್ಲ.

ಭಾನುವಾರ ಫೋಟೋದ ಕೆಲಸ. ವೀಸಾಕ್ಕೆ ತೆಗೆಸಿದ್ದ ಫೋಟೋ ಉಳಿದಿದ್ದವು, ಆದರೆ ಅವು 35ಕ್ಕೆ 45 ಮಿಲಿಮೀಟರಿನವು. ಎಂಬಸಿಯವರು ಆಗ ಕೇಳಿದ್ದು 2 ಇಂಚಿನ ಚೌಕ. ಸ್ಟೇಷನ್ನಿನ ಫೋಟೋ ಯಂತ್ರದಲ್ಲಿ ಆ ಅಳತೆ ಬರಲಿಲ್ಲ. ಟರ್ಮಿನಿಯ ಹಿಂದೆ ಎಸ್ಕ್ವಿಲಿನೋ ಅಂತ ಒಂದು ಭಾಗ ಇದೆ, ಬಾಂಗ್ಲಾದೇಶದವರ ಅಂಗಡಿಗಳು ಜಾಸ್ತಿ. ಅಲ್ಲಿ ಹಣ ಕಳಿಸುವ, ಝೆರಾಕ್ಸ್ ಮಾಡುವ ಒಂದು ಸಣ್ಣ ಅಂಗಡಿಯವನು ನಮ್ಮ ಮುಖ ನೋಡಿಯೇ ಹಿಂದಿಯಲ್ಲಿ, "ಪಾಸ್‌ಪೋರ್ಟ್ ಗಯಾ ಕ್ಯಾ ಚಾಚಾ?" ಅಂದ. ಫೋಟೋ ತೆಗೆದು, ಫಾರ್ಮು ಪ್ರಿಂಟ್ ಮಾಡಿ, ನನ್ನ ಇಮೇಲಿನಲ್ಲಿದ್ದ ಕಾಕಾರ ಹಳೆ ಪಾಸ್‌ಪೋರ್ಟ್ ಪ್ರತಿ ತೆಗೆದುಕೊಟ್ಟು, ಚಹಾ ಕುಡಿಸಿ ಕಳಿಸಿದ.

ನಮ್ಮ ಎಂಬಸಿ ವಿಯಾ ವೆಂಟಿ ಸೆತ್ತೆಂಬ್ರೆ ಅನ್ನುವ ರಸ್ತೆಯಲ್ಲಿದೆ, ಟರ್ಮಿನಿಯಿಂದ ನಡೆದೇ ಹೋಗಬಹುದು. ಅಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಯಿತು, ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು. ದಾರಿ ಎರಡು. ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬಹುದು, ಅದಕ್ಕೆ ಊರಿನಿಂದ ವಿಚಾರಣೆ ಆಗಿ ಬರಬೇಕು, ಕಾಯಬೇಕು. ಇಲ್ಲವೇ ಎಮರ್ಜೆನ್ಸಿ ಸರ್ಟಿಫಿಕೇಟ್, ಎಲ್ಲರೂ ಇಸಿ ಅನ್ನುತ್ತಾರೆ. ಇದು ಬೇಗ ಸಿಗುತ್ತದೆ, ಆದರೆ ಭಾರತಕ್ಕೆ ವಾಪಸ್ ಹೋಗಲು ಮಾತ್ರ, ಒಂದೇ ಸಲ. ಅದನ್ನು ಹಿಡಿದು ಬೇರೆ ದೇಶ ಸುತ್ತುವ ಹಾಗಿಲ್ಲ. ಹೊಸ ಪಾಸ್‌ಪೋರ್ಟ್ ಬಂದರೂ ಅದರಲ್ಲಿ ಷೆಂಗೆನ್ ವೀಸಾ (ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಇರುವುದಿಲ್ಲ, ಅದು ಹಳೆ ಪುಸ್ತಕದ ಜೊತೆಗೇ ಹೋಗಿರುತ್ತದೆ. ರಜೆಗೆ ಬಂದವರಿಗೆ ಇಸಿಯೇ ಸರಿ ಅಂತ ನನ್ನ ಅನಿಸಿಕೆ. ಅಲ್ಲೇ ಓದುವವರು, ಕೆಲಸ ಮಾಡುವವರ ಲೆಕ್ಕ ಬೇರೆ. ಸ್ವಿಟ್ಜರ್ಲೆಂಡ್ ಕೈಬಿಟ್ಟೆವು. ಅಲ್ಲಿನ ಹೋಟೆಲ್ ದುಡ್ಡು ಬರಲಿಲ್ಲ, ಅದಕ್ಕೆ ಕಾಕು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ.

ವಿಮಾನ ನಿಲ್ದಾಣದಲ್ಲಿ ಕೌಂಟರಿನವರು ಇಸಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರಿಗೋ ಫೋನು ಮಾಡಿ, ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ನಾಲ್ಕು ಗಂಟೆ ಮೊದಲೇ ಹೋಗಿದ್ದಕ್ಕೆ ಬಚಾವು. ಮುಂದೆ ಗಡಿ ಪೊಲೀಸ್ ಕೇಳಿದ್ದು, ನೀವು ಒಳಗೆ ಬಂದದ್ದು ಯಾವಾಗ ಅಂತ. ಬಂದ ದಿನದ ಸ್ಟಾಂಪು ಹೋದ ಪುಸ್ತಕದಲ್ಲಿತ್ತು. ನಾವೆಲ್ಲ ಝೆರಾಕ್ಸ್ ಮಾಡಿಸುವುದು ಊರಲ್ಲೇ ಅಲ್ವಾ, ಅದರಲ್ಲಿ ಈ ಸ್ಟಾಂಪು ಇರುವುದೇ ಇಲ್ಲ. ಕಾಕು ಬೋರ್ಡಿಂಗ್ ಪಾಸಿನ ತುಂಡನ್ನು ಗುಳಿಗೆ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದರು, ಅದನ್ನು ದೆನುಂಚಾ ಜೊತೆ ತೋರಿಸಿದ ಮೇಲೆ ಬಿಟ್ಟರು. ಆಗ ಸ್ಟಾಂಪು ಬಿದ್ದ ಕೂಡಲೇ ಆ ಪುಟದ ಫೋಟೋ ತೆಗೆದುಕೊಳ್ಳಬೇಕಿತ್ತು.

ಮುಂಬೈಯಲ್ಲಿ ಇಳಿಯುವ ಮೊದಲೇ ಇಸಿಯ ಪ್ರತಿ ಮಾಡಿಟ್ಟುಕೊಂಡಿದ್ದು ಒಳ್ಳೆಯದಾಯಿತು, ಇಮಿಗ್ರೇಷನ್‌ನಲ್ಲಿ ಮೂಲ ಕಾಗದ ಇಟ್ಟುಕೊಂಡರು. ಸೊಲ್ಲಾಪುರದ ಮೇಲೆ ಬಸ್ಸಿನಲ್ಲಿ ಊರು ಸೇರಿದೆವು. ಹೊಸ ಪಾಸ್‌ಪೋರ್ಟಿನ ಫಾರ್ಮಿನಲ್ಲಿ, ನೀವು ಯಾವತ್ತಾದರೂ ಇಸಿ ಮೇಲೆ ಭಾರತಕ್ಕೆ ಬಂದಿದ್ದೀರಾ ಅಂತ ನೇರವಾಗಿ ಒಂದು ಪ್ರಶ್ನೆ ಇದೆ, ನಂಬರು, ತಾರೀಕು ಎಲ್ಲ ಕೇಳುತ್ತದೆ. ಜೊತೆಗೆ ಹೇಗೆ ಕಳೆಯಿತು ಅಂತ ಅನೆಕ್ಷರ್ ಎಫ್ ಅನ್ನುವ ಅಫಿಡವಿಟ್ಟು. ಹಳೆ ಪುಸ್ತಕ ನಾಳೆ ಸಿಕ್ಕರೂ ಅದನ್ನು ಬಳಸುವಂತಿಲ್ಲ, ದೂರು ಕೊಟ್ಟ ಮೇಲೆ ಅದು ರದ್ದು.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬಂದೆವು. ವಿಚಾರಣೆಗೆ ಮನೆಗೆ ಬಂದ ಪೊಲೀಸರಿಗೆ ಕಾಕಾ ಬಸ್ಸಿನ ಕಥೆ ಶುರು ಮಾಡಿ ಬ್ರುನೆಲೆಸ್ಕಿಗೆ ಹೋಗಿ ಮುಟ್ಟಿದರು. ಪಾಪ, ಆತ ಎರಡು ಸಲ ಚಹಾ ಕುಡಿದು ಕೇಳಿದ. ಅಂದ ಹಾಗೆ ಕಳೆದ ಪಾಸ್‌ಪೋರ್ಟಿನ ಬದಲಿಗೆ 36 ಪುಟದ್ದು ಬೇಕಾದರೆ 3,000 ರೂಪಾಯಿ, 60 ಪುಟದ್ದು 3,500. ಫಾರ್ಮು ತುಂಬುವಾಗ ನಾನು 36 ಅಂತ ಒತ್ತಲು ಹೋದೆ, ಹಿಂದೆ ನಿಂತಿದ್ದ ಕಾಕಾ ನನ್ನ ಕೈ ಹಿಡಿದರು.

"ಇನ್ನೂ ಇಸ್ತಾಂಬುಲ್ ಅದ ತಮ್ಮಾ. 60 ಹಾಕು."